ಹತ್ತಕ್ಕೆ ಏಳು

ಒಂದು ಗೇಮ್ ತುಂಬಾ ಚೆನ್ನಾಗಿದ್ರೆ ಅದರ ಬಗ್ಗೆ ಬರೆಯೋದು ಸುಲಭ, ದರಿದ್ರವಾಗಿದ್ರೆ ಇನ್ನೂ ಸುಲಭ, ನಾಲ್ಕು ಜೋಕ್ ಹೊಡೆದು ಅನ್‌ಇನ್‌ಸ್ಟಾಲ್ ಮಾಡಿದ್ರೆ ಕಥೆ ಮುಗೀತು. ತಲೆನೋವು ಕೊಡೋದು ಮಧ್ಯದಲ್ಲಿ ನಿಂತಿರೋವು. ಆಡ್ತಾ ಆಡ್ತಾ ಬೈಕೊಂಡು, ಬೈಕೊಂಡೇ ಬೆಳಗಿನ ಜಾವದವರೆಗೂ ಕೂತು, ಮುಗಿಸಿದ ಮೇಲೆ "ಹೆಂಗಿತ್ತು?" ಅಂತ ಯಾರಾದ್ರೂ ಕೇಳಿದ್ರೆ ಹೂಂ ಅನ್ನೋಕೂ ಆಗದೆ ಉಹೂಂ ಅನ್ನೋಕೂ ಆಗದೆ "ಅದೂ... ಒಂಥರಾ..." ಅಂತ ಎಳೀಬೇಕಾಗುತ್ತಲ್ಲ, ಆ ಗೇಮ್‌ಗಳು. ರಿವ್ಯೂ ಬರೆಯೋರ ಲೆಕ್ಕದಲ್ಲಿ ಹತ್ತಕ್ಕೆ ಏಳು. ನನಗೆ ಇಷ್ಟವಾದ ಗೇಮ್‌ಗಳನ್ನ ಸಾಲಾಗಿ ನಿಲ್ಲಿಸಿದ್ರೆ ಅರ್ಧಕ್ಕರ್ಧ ಇಂಥವೇ ಸಿಗ್ತವೆ.

ಇವುಗಳ ಬಗ್ಗೆ ನಡೆಯೋ ಜಗಳಾನೂ ಯಾವಾಗ್ಲೂ ಒಂದೇ ನಮೂನೆ. ಒಂದು ಕಡೆ ಭಕ್ತಗಣ, ಇದು ಹಿಡನ್ ಜೆಮ್ಮು, ನಿಮಗೆ ಅರ್ಥ ಆಗಿಲ್ಲ ಅಷ್ಟೇ, ಆ ಬಗ್‌ಗಳೇ, ಅಂದ್ರೆ ಕೋಡ್‌ನ ತಪ್ಪುಗಳೇ, ಈ ಗೇಮಿನ ಚಾರ್ಮು ಅಂತ ವಾದ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಇವರು ಹೆರದೇನೇ ಮುದ್ದು ಮಾಡ್ತಾರೆ. ಇನ್ನೊಂದು ಕಡೆ ಲಾಂಚ್ ಆದ ವಾರ ಓಡಾಡಿದ ಬಗ್ ವಿಡಿಯೋ ನೋಡಿ, 2014ರ ಅಸ್ಯಾಸಿನ್ಸ್ ಕ್ರೀಡ್ ಯೂನಿಟಿಯ ಆ ಮುಖ ಇಲ್ಲದ ಸ್ಕ್ರೀನ್‌ಶಾಟ್ ನೋಡಿ ನಕ್ಕು, ಗೇಮ್ ಮುಟ್ಟದೇನೇ ತೀರ್ಪು ಕೊಟ್ಟೋರು. ನಡುವೆ ರಿವ್ಯೂ ಬರೆಯೋರು ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ "ಕೆಲವು ಕೊರತೆಗಳಿದ್ದರೂ ಒಮ್ಮೆ ಆಡಬಹುದು" ಅಂತ ಮುಗಿಸಿಬಿಡ್ತಾರೆ. ಯಾವ ಕೊರತೆ, ಯಾಕೆ ಬಂತು, ಅದನ್ನ ಸರಿ ಮಾಡಿದ್ರೆ ಗೇಮ್ ಏನಾಗ್ತಿತ್ತು, ಈ ಮಾತೇ ಇಲ್ಲ.

ಪಿಸಿ ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ನೋಡಿ, ಇರೋದೇ ಎರಡು ಬಟನ್, ಹೆಬ್ಬೆಟ್ಟು ಮೇಲೆ ಅಥವಾ ಹೆಬ್ಬೆಟ್ಟು ಕೆಳಗೆ. ನೂರಕ್ಕೆ 70ರಿಂದ 79 ಜನ ಮೇಲೆ ಒತ್ತಿದ್ರೆ "ಮೋಸ್ಟ್ಲಿ ಪಾಸಿಟಿವ್" ಅಂತ ಬೋರ್ಡ್ ಬೀಳುತ್ತೆ, 40ರಿಂದ 69 ಆದ್ರೆ "ಮಿಕ್ಸ್ಡ್". ಜನ ಇದನ್ನ ಮಾರ್ಕ್ಸ್ ಥರ ಓದ್ತಾರೆ, ಆದ್ರೆ ಅದು ಮಾರ್ಕ್ಸೇ ಅಲ್ಲ, ಓಟು. ಎಲ್ಲರಿಗೂ ಸುಮಾರಾಗಿ ಪರವಾಗಿಲ್ಲ ಅನ್ಸಿದ ಒಂದು ಸಪ್ಪೆ ಗೇಮ್‌ಗೆ 95 ಬರಬಹುದು, ಅರ್ಧ ಜನಕ್ಕೆ ಪ್ರಾಣ ಅನ್ಸಿ ಇನ್ನರ್ಧ ಜನಕ್ಕೆ ರೇಗಿ ಹೋದ ಗೇಮ್ 50ರಲ್ಲಿ ಕೂತಿರುತ್ತೆ. ಇನ್ನು ರಿವ್ಯೂಗಳ ಅಂಕವನ್ನೆಲ್ಲ ಸೇರಿಸಿ ಸರಾಸರಿ ತೆಗೆಯೋ ಮೆಟಾಕ್ರಿಟಿಕ್ ಸೈಟಿನ ನಂಬರ್ ಎಷ್ಟು ಜೋರು ಅಂದ್ರೆ, 2010ರಲ್ಲಿ ಬಂದ ಫಾಲ್‌ಔಟ್ ನ್ಯೂ ವೇಗಸ್‌ಗೆ 85 ಬಂದಿದ್ರೆ ಅದನ್ನ ಮಾಡಿದ ಅಬ್ಸಿಡಿಯನ್ ಸ್ಟುಡಿಯೋಗೆ ಬೋನಸ್ ಸಿಗ್ತಿತ್ತು, ಬಂದಿದ್ದು 84. ಇದನ್ನ ಹೇಳಿದ್ದು ಆಗ ಆ ಸ್ಟುಡಿಯೋದಲ್ಲಿದ್ದ ಕ್ರಿಸ್ ಅವೆಲೋನೇ. ಆ ಒಂದು ಪಾಯಿಂಟ್ ಎಲ್ಲಿ ಹೋಯ್ತು, ಕ್ರ್ಯಾಶ್‌ಗಾ, ಗೇಮ್ ಓಡಿಸೋ ಹಳೇ ಸಾಫ್ಟ್‌ವೇರ್ ಎಂಜಿನ್‌ಗಾ, ಕಥೆಗಾ, ನಂಬರ್ ನೋಡಿದ್ರೆ ಯಾರಿಗೂ ಗೊತ್ತಾಗಲ್ಲ.

ಅದಕ್ಕೆ ನಾನು ಇಂಥ ಗೇಮ್ ಆಡುವಾಗ ನಂಬರ್ ಬಿಟ್ಟು ಒಂದೇ ಪ್ರಶ್ನೆ ಕೇಳ್ಕೋತೀನಿ: ನನಗೆ ಕಿರಿಕಿರಿ ಮಾಡ್ತಿರೋ ಈ ಒಂದು ವಿಷಯವನ್ನ ಕಿತ್ತು ಬಿಸಾಕಿದ್ರೆ ಅದರ ಜೊತೆ ಇನ್ನೇನು ಕಿತ್ಕೊಂಡು ಬರುತ್ತೆ? ಏನೂ ಬರಲ್ಲ ಅಂದ್ರೆ ಅದು ಬರೀ ತಪ್ಪು, ಮುಲಾಜಿಲ್ಲದೆ ಬೈಬೇಕು. ಗೇಮ್‌ನ ಒಳ್ಳೇದೇ ಕಿತ್ಕೊಂಡು ಬರುತ್ತೆ ಅಂದ್ರೆ ಸ್ವಲ್ಪ ಯೋಚಿಸ್ಬೇಕು. ಬಗ್‌ಗಳು ಈ ಲೆಕ್ಕದಲ್ಲಿ ಅತ್ಯಂತ ಬೋರಿಂಗ್ ತಪ್ಪುಗಳು, ತೆಗೆದ್ರೆ ಯಾರಿಗೂ ಏನೂ ನಷ್ಟ ಇಲ್ಲ, ಆದ್ರೂ ಎಲ್ಲರೂ ಮಾತಾಡೋದು ಅವುಗಳ ಬಗ್ಗೇನೇ. ಸೈಬರ್‌ಪಂಕ್ 2077 ಡಿಸೆಂಬರ್ 2020ರಲ್ಲಿ ಬಂದಾಗ ಪ್ಲೇಸ್ಟೇಷನ್ ಸ್ಟೋರ್‌ನಿಂದಲೇ ತೆಗೆದು ಹಾಕೋ ಮಟ್ಟಕ್ಕೆ ಹೋಯ್ತು, ಆಮೇಲೆ ತಪ್ಪು ತಿದ್ದೋ ಪ್ಯಾಚ್ ಮೇಲೆ ಪ್ಯಾಚ್ ಬಂದು ಸರಿ ಹೋಯ್ತು, ಒಳ್ಳೇದಾಯ್ತು, ಮುಂದಕ್ಕೆ ಹೋಗೋಣ.

ಈ ಪ್ರಶ್ನೆಗೆ ನನಗೆ ಸಿಕ್ಕ ಬೆಸ್ಟ್ ಗೇಮ್ ಫಾರ್ ಕ್ರೈ 2. ಯೂಬಿಸಾಫ್ಟ್ ಮಾಂಟ್ರಿಯಲ್, 2008, ಕ್ರಿಯೇಟಿವ್ ಡೈರೆಕ್ಟರ್ ಕ್ಲಿಂಟ್ ಹಾಕಿಂಗ್. ಹೆಸರಿಲ್ಲದ ಒಂದು ಆಫ್ರಿಕನ್ ದೇಶ, ಅಂತರ್ಯುದ್ಧ, ಎರಡೂ ಕಡೆಗೆ ಬಂದೂಕು ಮಾರೋ ಜಾಕಲ್ ಅನ್ನೋನನ್ನ ಕೊಲ್ಲೋಕೆ ಬಂದ ನೀವು ಬಂದಿಳಿದ ಕೂಡ್ಲೇ ಮಲೇರಿಯಾ ಹಿಡಿದು ಮಲಗ್ತೀರಿ. ಇದರಲ್ಲಿ ಕಿರಿಕಿರಿ ಮಾಡೋಕೆ ಏನಿಲ್ಲ ಕೇಳಿ. ಗನ್‌ಗಳು ತುಕ್ಕು ಹಿಡೀತವೆ, ಸರಿಯಾಗಿ ಗುಂಡಿನ ಮಳೆ ನಡುವೆ ಜಾಮ್ ಆಗ್ತವೆ, ಸತ್ತವನ ಕೈಯಿಂದ ಎತ್ಕೊಂಡ ಗನ್ ಆದ್ರಂತೂ ಕೈಯಲ್ಲೇ ಪುಡಿಯಾಗುತ್ತೆ. ಆಗಾಗ ಜ್ವರ ಬಂದು ಕಣ್ಣು ಮಂಜಾಗುತ್ತೆ, ಮಾತ್ರೆ ನುಂಗ್ಬೇಕು, ಮಾತ್ರೆ ಖಾಲಿ ಆದ್ರೆ ತರೋಕೆ ಬೇರೆ ಹೋಗ್ಬೇಕು. ಮ್ಯಾಪ್ ನೋಡ್ಬೇಕಂದ್ರೆ ಗೇಮ್ ನಿಲ್ಲಲ್ಲ, ನಿಮ್ಮ ಕ್ಯಾರೆಕ್ಟರ್ ಕಾಗದದ ಮ್ಯಾಪನ್ನ ಮುಖದ ಮುಂದೆ ಹಿಡ್ಕೋತಾನೆ, ಅದೂ ಜೀಪ್ ಓಡಿಸ್ತಾ. ಗುಂಡು ಬಿದ್ರೆ ಇಕ್ಕಳ ತಗೊಂಡು ಮಾಂಸದಿಂದ ಗುಂಡು ಕೀಳ್ತಾನೆ, ಅಷ್ಟೊತ್ತಿಗೆ ಇನ್ನೆರಡು ಬಿದ್ದಿರ್ತವೆ.

ಇದೆಲ್ಲ ಕಿತ್ತಾಕಿದ್ರೆ? ಒಂದು ಸಲ ಈ ಗೇಮ್ ಆಡಿದೋರಿಗೆ ಉತ್ತರ ಗೊತ್ತು. ಒಣಹುಲ್ಲಿನ ನಡುವೆ ಬಗ್ಗಿಕೊಂಡು ಕ್ಯಾಂಪ್ ಹತ್ರ ಹೋಗಿ, ನೀಟಾಗಿ ಪ್ಲ್ಯಾನ್ ಮಾಡಿ, ಮೊದಲನೇ ಗುಂಡು ಹೊಡೆದು, ಎರಡನೇದಕ್ಕೆ ಗನ್ ಜಾಮ್. ಅದನ್ನ ಗುದ್ದಿ ಸರಿ ಮಾಡೋಷ್ಟರಲ್ಲಿ ಅವರು ಹತ್ರ ಬಂದ್ರು, ಗಾಬರಿಯಲ್ಲಿ ಮೊಲೊಟೊವ್ ಬೆಂಕಿ ಬಾಟ್ಲಿ ಎಸೆದ್ರಿ, ಹುಲ್ಲಿಗೆ ಬೆಂಕಿ ಹತ್ತಿತು, ಗಾಳಿ ನಿಮ್ಮ ಕಡೇನೇ ಬೀಸ್ತಿದೆ. ಈಗ ಓಡ್ತಿರೋದು ನೀವು. ಬಿದ್ರಿ ಅಂದ್ರೆ ಎಲ್ಲಿಂದಲೋ ನಿಮ್ಮ ಬಡ್ಡಿ, ಅಂದ್ರೆ ಗೇಮ್‌ನಲ್ಲಿನ ನಿಮ್ಮ ಗೆಳೆಯ, ಬಂದು ಎಳ್ಕೊಂಡು ಹೋಗ್ತಾನೆ, ಆಮೇಲೆ ಅದೇ ಗಲಾಟೆಯಲ್ಲಿ ಅವನೇ ಗುಂಡು ತಿಂದು ಒಂದು ಕಡೆ ಬಿದ್ದಿರ್ತಾನೆ, ನಿಮ್ಮ ಹತ್ರ ಇರೋ ಇಂಜೆಕ್ಷನ್ ಚುಚ್ಚಿದ್ರೂ "ಇನ್ನೊಂದು" ಅಂತ ಗೋಗರೀತಾನೆ. ಕಟ್‌ಸೀನಲ್ಲಿ, ಅಂದ್ರೆ ನಾವು ಆಡದೆ ಬರೀ ನೋಡೋ ದೃಶ್ಯದಲ್ಲಿ, ಬರೆದಿಟ್ಟಿದ್ದಲ್ಲ ಇದು, ಒಂದು ಜಾಮ್ ಆದ ಗನ್‌ನಿಂದ ಹುಟ್ಟಿದ ಕಥೆ. ಪ್ಲ್ಯಾನ್ ಕೆಡದೇ ಇದ್ರೆ ಆ ಗೇಮ್‌ನಲ್ಲಿ ನೋಡೋಕೇ ಏನೂ ಇಲ್ಲ.

ಆದ್ರೆ ಅದೇ ಗೇಮಿನ ಚೆಕ್‌ಪೋಸ್ಟ್‌ಗಳು! ದಾರಿ ದಾರಿಗೊಂದು ಚೆಕ್‌ಪೋಸ್ಟ್, ಎಲ್ಲರನ್ನೂ ಮುಗಿಸಿ ಸ್ವಲ್ಪ ದೂರ ಹೋಗಿ ವಾಪಸ್ ಬಂದ್ರೆ ಹೊಸ ಬ್ಯಾಚ್ ರೆಡಿ. ನಿಮಗೆ ಕೆಲಸ ಕೊಟ್ಟ ಪಾರ್ಟಿಯ ಸೈನಿಕರೂ ಕಂಡ ಕೂಡ್ಲೇ ಹೊಡೀತಾರೆ, ಯಾಕಂದ್ರೆ ನಿಮ್ಮ ಕೆಲಸ ಗುಟ್ಟಿನದಂತೆ. ಒಳ್ಳೇ ನೆಪ. ಹಿಂದೆ ಬರೋ ಜೀಪ್‌ಗಳ ಕಥೆ ಬೇರೆ. ಭಕ್ತಗಣ ಇದಕ್ಕೂ ಅರ್ಥ ಕಟ್ಟುತ್ತೆ, ಯುದ್ಧ ಅಂದ್ರೆ ಹಂಗೇ, ಕೊಂದಷ್ಟೂ ಮುಗಿಯಲ್ಲ, ಅರ್ಥಹೀನತೆಯೇ ಅರ್ಥ ಅಂತ. ಸ್ವಾಮಿ, ಮೂರನೇ ಸಲ ಅದೇ ತಿರುವಿನಲ್ಲಿ ಅದೇ ಮೂರು ಜನ ಅದೇ ಜಾಗದಲ್ಲಿ ಎದ್ದು ಬಂದ್ರೆ ಯಾರಿಗೂ ಯುದ್ಧದ ಅರ್ಥಹೀನತೆ ಹೊಳೆಯಲ್ಲ, ಕೋಡ್ ಬರೆದವರ ಮೇಲೆ ಸಿಟ್ಟು ಬರುತ್ತೆ ಅಷ್ಟೇ. ಜಾಮ್ ಆಗೋ ಗನ್ ಪ್ರತಿ ಸಲ ಹೊಸ ಕಥೆ ಹುಟ್ಟಿಸುತ್ತೆ, ಚೆಕ್‌ಪೋಸ್ಟ್ ಪ್ರತಿ ಸಲ ಅದೇ ಕಥೆ ಹೇಳುತ್ತೆ. ಎರಡೂ ಕಿರಿಕಿರಿಯೇ, ಆದ್ರೆ ಒಂದೇ ತಕ್ಕಡಿಗೆ ಹಾಕೋಕಾಗಲ್ಲ.

ಮಜಾ ಏನಂದ್ರೆ 2012ರಲ್ಲಿ ಫಾರ್ ಕ್ರೈ 3 ಬಂದು ಎಲ್ಲಾನೂ ರಿಪೇರಿ ಮಾಡಿಬಿಡ್ತು. ಜಾಮ್ ಇಲ್ಲ, ಮಲೇರಿಯಾ ಇಲ್ಲ, ಒಂದು ಸಲ ಗೆದ್ದ ಶತ್ರು ಠಾಣೆ, ಅಂದ್ರೆ ಔಟ್‌ಪೋಸ್ಟ್, ನಿಮ್ಮದೇ. ಜನ ಕೊಂಡಾಡಿದ್ರು, ಅದು ಚೆನ್ನಾಗಿಯೂ ಇದೆ, ನಾನೇನೂ ಮೂಗು ಮುರಿಯಲ್ಲ. ಆದ್ರೆ ಔಟ್‌ಪೋಸ್ಟ್ ನಿಮ್ಮದಾಗ್ತಾ ಆಗ್ತಾ ಆ ದ್ವೀಪದಲ್ಲಿ ಶತ್ರುಗಳೇ ಕಮ್ಮಿಯಾಗಿ, ನಿಮ್ಮ ಗನ್ ಯಾವತ್ತೂ ಕೈ ಕೊಡದೆ, ಕೊನೆಗೆ ಉಳಿಯೋದು ಮ್ಯಾಪ್ ಮೇಲಿನ ಐಕಾನ್‌ಗಳು, ಒಂದೊಂದಾಗಿ ಟಿಕ್ ಹಾಕ್ತಾ ಹೋಗೋದು. ಟವರ್ ಹತ್ತು, ಐಕಾನ್ ಕಾಣಿಸ್ಕೋ, ಐಕಾನ್ ಅಳಿಸು. ಆ ಟೆಂಪ್ಲೇಟ್ ಹಿಡ್ಕೊಂಡು ಮುಂದೆ ಎಷ್ಟು ಗೇಮ್ ಬಂದವು ಅಂತ ಹೇಳೋದೇ ಬೇಡ.

ಅದರಲ್ಲಿ ನನಗೆ ಹೊಟ್ಟೆ ಉರಿಸಿದ್ದು ಮ್ಯಾಡ್ ಮ್ಯಾಕ್ಸ್, ಅವಲಾಂಚ್ ಸ್ಟುಡಿಯೋಸ್‌ದು, 2015ರ ಸೆಪ್ಟೆಂಬರ್ 1ರಂದು ಮೆಟಲ್ ಗೇರ್ ಸಾಲಿಡ್ 5 ಬಂದ ದಿನಾನೇ ಬಂದು ಯಾರ ಕಣ್ಣಿಗೂ ಸರಿಯಾಗಿ ಬೀಳದೇ ಹೋದ ಗೇಮ್. ಆ ಕಾರ್ ಯುದ್ಧ ಇದೆಯಲ್ಲ, ಹಿಂದೆ ಕೂತ ನಿಮ್ಮ ಮೆಕ್ಯಾನಿಕ್ ಚಂಬಕೆಟ್ ಹಾರ್ಪೂನ್ ಬಿಟ್ಟು ಪಕ್ಕದ ಗಾಡಿಯ ಚಕ್ರ ಕಿತ್ತು, ಇನ್ನೊಂದರ ಡ್ರೈವರ್‌ನ ಸೀಟಿನಿಂದಲೇ ಹೊರಗೆಳೆದು, ಅಷ್ಟರಲ್ಲಿ ಮರಳುಬಿರುಗಾಳಿ ಬಂದು ಆಕಾಶ ಕೆಂಪಾಗಿ ಸಿಡಿಲು ಬಡಿಯೋಕೆ ಶುರುವಾದ್ರೆ, ಅಷ್ಟು ಚೆನ್ನಾಗಿ ಗಾಡಿ ಕಾಳಗ ಮಾಡಿದ ಗೇಮ್ ನಾನಂತೂ ಇನ್ನೊಂದು ನೋಡಿಲ್ಲ. ಅದರ ಸುತ್ತ ಏನಿದೆ? ಬಲೂನ್ ಹತ್ತಿ ಸುತ್ತಮುತ್ತ ನೋಡೋದು, ಸ್ಕೇರ್‌ಕ್ರೋ ಕೆಡವೋದು, ಮೈನ್ ಕೀಳೋದು, ಸ್ಕ್ರ್ಯಾಪ್ ಆರಿಸೋದು, ಇದನ್ನ ಪ್ರತಿ ಏರಿಯಾದಲ್ಲೂ ಮೊದಲಿಂದ. ಇಲ್ಲಿ ನನ್ನ ಪ್ರಶ್ನೆ ಕೇಳಿದ್ರೆ ಉತ್ತರಕ್ಕೆ ಒಂದು ಸೆಕೆಂಡೂ ಬೇಡ, ಆ ಮುಕ್ಕಾಲು ಪಾಲು ಐಕಾನ್ ತೆಗೆದು ಬಿಸಾಕಿ, ಕಾನ್ವಾಯ್ ಬೆನ್ನಟ್ಟೋದು, ಬಿರುಗಾಳಿ, ಕೋಟೆಗಳು ಇಷ್ಟೇ ಬಿಡಿ, ಕೂದಲೆಳೆಯಷ್ಟೂ ನಷ್ಟ ಇಲ್ಲ. ಗಂಟೆ ಲೆಕ್ಕ ತುಂಬಿಸೋಕೆ ಸುರಿದಿರೋ ತುಂಬುಮಣ್ಣು ಅದು. ಇಂಥ ತಪ್ಪಿಗೆ ನನ್ನ ಹತ್ರ ಕನಿಕರಾನೇ ಇಲ್ಲ, ಯಾಕಂದ್ರೆ ಇದು ಏನನ್ನೋ ಮಾಡೋಕೆ ಹೋಗಿ ಎಡವಿದ್ದಲ್ಲ.

ಮಿರರ್ಸ್ ಎಡ್ಜ್‌ದೂ ಅದೇ, ಬೇಗ ಹೇಳಿ ಮುಗಿಸ್ತೀನಿ. 2008ರಲ್ಲಿ ಡೈಸ್ ಸ್ಟುಡಿಯೋ ಮಾಡಿದ್ದು, ಬಿಳೀ ಕಟ್ಟಡಗಳ ಮೇಲೆ ಫಸ್ಟ್ ಪರ್ಸನ್‌ನಲ್ಲಿ, ಅಂದ್ರೆ ಪಾತ್ರದ ಕಣ್ಣಿಂದಲೇ ನೋಡ್ತಾ, ಓಡೋದು, ಹಾರೋದು, ಅದ್ಭುತ. ನಡುನಡುವೆ ಪೊಲೀಸರನ್ನ ತಂದು ಬಿಟ್ಟು ಗುದ್ದಾಡು ಅಂತಾರೆ, ಗನ್ ಕಿತ್ಕೊಂಡು ಹೊಡೆದ್ರೂ ಆ ಶೂಟಿಂಗ್‌ನಲ್ಲಿ ಜೀವ ಇಲ್ಲ. ಯಾವ ಶತ್ರುವಿನ ಮೇಲೂ ಗುಂಡು ಹಾರಿಸದೆ ಗೇಮ್ ಮುಗಿಸಿದ್ರೆ ಅದಕ್ಕೊಂದು ಅಚೀವ್‌ಮೆಂಟ್ ಪದಕ ಬೇರೆ ಇಟ್ಟಿದ್ದಾರೆ. ಅಂದ್ರೆ ಮಾಡಿದೋರಿಗೂ ಗೊತ್ತಿತ್ತು.

ಇದಕ್ಕೆ ಪೂರ್ತಿ ಉಲ್ಟಾ ಡ್ರ್ಯಾಗನ್ಸ್ ಡಾಗ್ಮಾ. ಕ್ಯಾಪ್‌ಕಾಮ್, 2012. ಮೊದಲ ಕೆಲವು ಗಂಟೆ ಇದು ಯಾಕೆ ಇಷ್ಟು ಹಿಂಸೆ ಕೊಡ್ತಿದೆ ಅಂತ ಅನ್ಸುತ್ತೆ. ಫಾಸ್ಟ್ ಟ್ರಾವೆಲ್‌ಗೆ, ಅಂದ್ರೆ ನಡೆಯದೆ ಒಂದೇ ಏಟಿಗೆ ಊರಿಗೆ ಹಾರೋಕೆ, ಫೆರಿಸ್ಟೋನ್ ಅನ್ನೋ ಕಲ್ಲು ಬೇಕು, ಅದರ ಬೆಲೆ ಕೇಳಿದ್ರೆ ನಡ್ಕೊಂಡೇ ಹೋಗೋಣ ಅನ್ಸುತ್ತೆ. ಹಂಗೆ ನಡ್ಕೊಂಡು ಹೋದ್ರೆ ಅರ್ಧ ದಾರೀಲಿ ಕತ್ತಲಾಗುತ್ತೆ, ಆ ಕತ್ತಲು ಬೇರೆ ಗೇಮ್‌ಗಳ ನೀಲಿ ಬಣ್ಣದ ಕತ್ತಲಲ್ಲ, ನಿಜವಾದ ಕಪ್ಪು, ಲಾಂದ್ರದ ಬೆಳಕು ಬೀಳೋ ನಾಲ್ಕು ಹೆಜ್ಜೆ ಬಿಟ್ರೆ ಏನೂ ಕಾಣಲ್ಲ. ಲಾಂದ್ರಕ್ಕೆ ಎಣ್ಣೆ ಬೇಕು, ನೀರಿಗಿಳಿದ್ರೆ ಅದೂ ಆರಿ ಹೋಗುತ್ತೆ. ದೂರದಲ್ಲಿ ಏನೋ ಉಸಿರಾಡ್ತಿದೆ, ಅದು ಕೈಮೆರಾ ಅನ್ನೋ ರಾಕ್ಷಸ ಪ್ರಾಣಿನೋ ಮೇಕೆನೋ ಗೊತ್ತಿಲ್ಲ. ಆಟ ಉಳಿಸಿಟ್ಕೊಳ್ಳೋ ಸೇವ್ ಫೈಲ್ ಇರೋದೂ ಒಂದೇ.

ಫಾಸ್ಟ್ ಟ್ರಾವೆಲ್ ಧಾರಾಳವಾಗಿ ಕೊಟ್ರೆ ಏನಾಗುತ್ತೆ ಅನ್ನೋದನ್ನ ಇಲ್ಲಿ ಊಹೆ ಮಾಡ್ಬೇಕಾಗಿಲ್ಲ, ಪರೀಕ್ಷೆ ಮಾಡಿ ನೋಡಬಹುದು. ಡಾರ್ಕ್ ಅರೈಸನ್ ಅನ್ನೋ ಆಮೇಲಿನ ಆವೃತ್ತಿ 2016ರಲ್ಲಿ ಪಿಸಿಗೆ ಬಂದಾಗ ಎಷ್ಟು ಸಲ ಬಳಸಿದ್ರೂ ಖಾಲಿಯಾಗದ ಎಟರ್ನಲ್ ಫೆರಿಸ್ಟೋನ್ ಒಂದನ್ನ ನಿಮ್ಮ ಸ್ಟೋರೇಜ್‌ನಲ್ಲಿ ಮೊದಲೇ ಇಟ್ಟಿರುತ್ತೆ. ಅದನ್ನ ಬಳಸಿ ಆಡಿ, ಬಳಸದೆ ಆಡಿ, ಬೇರೆ ಬೇರೆ ಎರಡು ಗೇಮ್ ಅವು. ಕಲ್ಲು ಕೈಯಲ್ಲಿದ್ರೆ ಕತ್ತಲಾಗ್ತಿದ್ದಂಗೆ ಊರಿಗೆ ಹಾರಿ ಬಿಡ್ತೀರಿ, ಎಣ್ಣೆ ಎಷ್ಟಿದೆ ಅಂತ ನೋಡೋದೂ ಬೇಡ, ಹೊರಡೋ ಮುಂಚೆ ಏನು ತುಂಬ್ಕೋಬೇಕು ಅನ್ನೋ ಲೆಕ್ಕಾನೂ ಬೇಡ, ಸಂಜೆ ಒಳಗೆ ತಲುಪ್ತೀವಾ ಅನ್ನೋ ಆ ಸಣ್ಣ ಭಯ ಮಾಯ. ಉಳಿಯೋದು ದೊಡ್ಡ ಪ್ರಾಣಿ ಮೈಮೇಲೆ ಹತ್ತಿ ಚುಚ್ಚೋದು, ಅದೂ ಚೆನ್ನಾಗಿದೆ ಬಿಡಿ, ಆದ್ರೆ ಊರಿಂದ ಊರಿಗೆ ಹೋಗೋದು ಅನ್ನೋದೇ ಆ ಗೇಮ್‌ನ ಅರ್ಧ ಕಥೆ. ಹಂಗಾಗಿ ಫಾಸ್ಟ್ ಟ್ರಾವೆಲ್ ದುಬಾರಿ ಇಟ್ಟಿದ್ದು ತಪ್ಪು ಅಂತ ಮಾರ್ಕ್ಸ್ ಕತ್ತರಿಸಿದ ರಿವ್ಯೂಗಳನ್ನ ನಾನು ಒಪ್ಪಲ್ಲ.

ಹಂಗಂತ ಡ್ರ್ಯಾಗನ್ಸ್ ಡಾಗ್ಮಾದ್ದು ಎಲ್ಲಾನೂ ಮಾಫಿ ಅಂತಲ್ಲ. ಜೊತೆಗೆ ಬರೋ ಪಾನ್‌ಗಳ, ಅಂದ್ರೆ ಗೇಮ್ ತಾನೇ ನಡೆಸೋ ಸಹಚರರ, ಬಾಯಿ! ತೋಳ ಬಂದ ಪ್ರತಿ ಸಲ ತೋಳ ಗುಂಪಲ್ಲಿ ಬೇಟೆ ಆಡುತ್ತೆ ಅಂತಾವೆ, ಗಾಬ್ಲಿನ್ ಕಂಡ ಪ್ರತಿ ಸಲ ಗಾಬ್ಲಿನ್‌ಗಳಿಗೆ ಬೆಂಕಿ ಆಗಿಬರಲ್ಲ ಅಂತಾವೆ, ಮೂರೂ ಪಾನ್ ಸೇರಿ, ಒಂದಾದ ಮೇಲೊಂದು. ಪಾನ್ ಕಲೀತಾ ಹೋಗುತ್ತೆ, ಬೇರೆ ಆಟಗಾರರ ಪಾನ್ ಬಾಡಿಗೆಗೆ ಬಂದು ತಾನು ಅಲ್ಲಿ ಕಲ್ತಿದ್ದನ್ನ ಇಲ್ಲಿ ಹೇಳುತ್ತೆ ಅನ್ನೋ ಐಡಿಯಾ ಏನಿದೆ ಅದು ಚಿನ್ನ. ಆದ್ರೆ ಅದೇ ಸಾಲನ್ನ ನೂರು ಸಲ ಹೇಳ್ಸಿದ್ರೆ ಐಡಿಯಾ ಉಳಿಯಲ್ಲ, ಗದ್ದಲ ಉಳಿಯುತ್ತೆ. ಇನ್ನಷ್ಟು ಸಾಲು ರೆಕಾರ್ಡ್ ಮಾಡಿದ್ರೆ ಏನೂ ಕಳ್ಕೊಳ್ತಿರ್ಲಿಲ್ಲ, ಸೋ ಅದು ಬರೀ ತಪ್ಪು. ಯಾರನ್ನೋ ಕಾಯ್ಕೊಂಡು ಹೋಗಿ ತಲುಪಿಸೋ ಎಸ್ಕಾರ್ಟ್ ಕ್ವೆಸ್ಟ್‌ಗಳೂ ಅಷ್ಟೇ. ಪ್ರೇಮದ ವಿಷಯ ಕೇಳಲೇಬೇಡಿ, ಯಾರ ಜೊತೆ ಹೆಚ್ಚು ಒಡನಾಟ ಇದೆಯೋ ಅವರನ್ನ ಗೇಮ್ ಒಳಗೊಳಗೇ ಲೆಕ್ಕ ಹಾಕಿ ನಿಮ್ಮ ಪ್ರಿಯತಮ ಅಂತ ತೀರ್ಮಾನ ಮಾಡುತ್ತೆ, ಕೊನೆಗೆ ಡ್ರ್ಯಾಗನ್ ಎದುರು ನೋಡಿದ್ರೆ ಎಷ್ಟೋ ಜನಕ್ಕೆ ಸಿಕ್ಕಿದ್ದು ಆಯುಧದ ಅಂಗಡಿಯವನು. ಇದನ್ನ ಮಾತ್ರ ಯಾರೂ ರಿಪೇರಿ ಮಾಡ್ಬಾರ್ದು.

ಈಗ ಸ್ವಲ್ಪ ಹಳೇ ಗಾಯಕ್ಕೆ ಬರೋಣ. ವ್ಯಾಂಪೈರ್ ದಿ ಮಾಸ್ಕರೇಡ್ ಬ್ಲಡ್‌ಲೈನ್ಸ್, 2004ರ ನವೆಂಬರ್ 16. ಹಾಫ್ ಲೈಫ್ 2 ಬಿಡುಗಡೆಯಾದ ಅದೇ ದಿನ, ಅದೇ ಸೋರ್ಸ್ ಎಂಜಿನ್‌ನಲ್ಲಿ, ಅಂದ್ರೆ ಆ ಎಂಜಿನ್ ಕಟ್ಟಿದವರ ಸ್ವಂತ ಗೇಮ್ ಎದುರಿಗೇ. ಮಾಡಿದ ಟ್ರೋಯ್ಕಾ ಸ್ಟುಡಿಯೋ ಮರುವರ್ಷವೇ ಮುಚ್ಚಿ ಹೋಯ್ತು. ಇದರ ಬರವಣಿಗೆ ಇವತ್ತಿಗೂ ಸವಾಲು ಹಾಕೋ ಹಂಗಿದೆ. ಇದರಲ್ಲಿ ನೀವೇ ರಕ್ತಪಿಶಾಚಿ, ನಾಸ್ಫೆರಾಟು ಕುಲ ಆರಿಸ್ಕೊಂಡ್ರೆ ಮುಖ ವಿಕಾರ, ಜನ ನೋಡಿದ್ರೇ ಗುಟ್ಟು ರಟ್ಟು, ಚರಂಡಿಯಲ್ಲೇ ಊರು ಸುತ್ಬೇಕು. ಮಾಲ್ಕೇವಿಯನ್ ಆದ್ರೆ ತಲೆ ಕೆಟ್ಟವನು, ರಸ್ತೆಯ ಸ್ಟಾಪ್ ಬೋರ್ಡ್ ಜೊತೆ ವಾದ ಮಾಡ್ತೀರಿ, ನಿಮ್ಮ ಡೈಲಾಗ್ ಪೂರ್ತಿ ಬೇರೆ, ಕೆಲವು ಸಾಲುಗಳಲ್ಲಿ ಮುಂದೆ ಬರೋ ತಿರುವನ್ನ ಮೊದಲೇ ಉಸುರಿರ್ತಾರೆ, ಎರಡನೇ ಸಲ ಆಡಿದಾಗ್ಲೇ ಹೊಳೆಯೋದು. ಓಷನ್ ಹೌಸ್ ಹೋಟೆಲ್ ಅಂತ ಒಂದು ಭಾಗ ಇದೆ, ಹೊಡೆಯೋಕೆ ಒಬ್ಬ ಶತ್ರುವೂ ಇಲ್ಲ, ಆದ್ರೂ ಕೈ ಬೆವರುತ್ತೆ.

ಇಷ್ಟೆಲ್ಲ ಮಾಡಿದ ಗೇಮ್ ಹಾಲಿವುಡ್ ದಾಟೋ ಹೊತ್ತಿಗೆ ನಿಮ್ಮನ್ನ ಒಂದು ಚರಂಡಿಗೆ ತಳ್ಳುತ್ತೆ. ಉದ್ದೋ ಉದ್ದ ಚರಂಡಿ. ಮಾತು ಇಲ್ಲ, ಆಯ್ಕೆ ಇಲ್ಲ, ಸುರಂಗ, ನೀರು, ಅದೇ ವಿಕಾರ ಪ್ರಾಣಿಗಳು, ಮತ್ತೆ ಸುರಂಗ. ಅಲ್ಲಿವರೆಗೆ ಬಾಯಿಮಾತಲ್ಲೇ ಕೆಲಸ ಸಾಧಿಸೋಕೆ ಪಾಯಿಂಟ್ ಸುರಿದ ಆಟಗಾರ, ಅಂದ್ರೆ ಗೇಮ್ ತಾನೇ ಕೈ ಹಿಡಿದು ಹಂಗೆ ಬೆಳೆಸಿದ ಆಟಗಾರ, ಅಲ್ಲಿ ಪೆಟ್ಟು ತಿಂದು ಸುಸ್ತಾಗ್ತಾನೆ. ಕೊನೆಯ ಮೂರನೇ ಒಂದು ಭಾಗವೂ ಹೆಚ್ಚುಕಮ್ಮಿ ಹೊಡೆದಾಟಾನೇ, ಆ ಹೊಡೆದಾಟ ಇಡೀ ಗೇಮ್‌ನಲ್ಲಿ ಅತ್ಯಂತ ಕಳಪೆ ವಿಭಾಗ. ಇಲ್ಲಿ ಯಾವ ವಾದಾನೂ ನಡೆಯಲ್ಲ. ಅಭಿಮಾನಿಗಳೇ ಕೂತು ವರ್ಷಾನುಗಟ್ಟಲೆ ಅನ್‌ಅಫಿಷಿಯಲ್ ಪ್ಯಾಚ್ ಮಾಡಿ, ಕತ್ತರಿಸಿ ಬಿಟ್ಟಿದ್ದ ಭಾಗಗಳನ್ನೂ ಹುಡುಕಿ ಹಾಕಿದ್ದಾರೆ, ಇವತ್ತು ಆಡೋರು ಅದನ್ನ ಹಾಕ್ಕೊಂಡೇ ಆಡ್ಬೇಕು. ಆ ಪ್ಯಾಚ್ ಮಾಡಿದೋರಿಗಿಂತ ದೊಡ್ಡ ಭಕ್ತರು ಆ ಗೇಮ್‌ಗೆ ಇಲ್ಲ, ಮತ್ತೆ ಅದರಲ್ಲಿ ಏನೇನು ಹಾಳಾಗಿದೆ ಅಂತ ಅವರಷ್ಟು ಚೆನ್ನಾಗಿ ಗೊತ್ತಿರೋರೂ ಇಲ್ಲ.

ಕೆಲವು ಸಲ ನನ್ನ ಪ್ರಶ್ನೆಗೇ ಗಂಟು ಬೀಳುತ್ತೆ. ಡ್ರ್ಯಾಗನ್ ಏಜ್ 2 ತಗೊಳಿ. ಮೊದಲನೇದು 2009ರ ನವೆಂಬರ್‌ನಲ್ಲಿ ಬಂತು, ಎರಡನೇದು 2011ರ ಮಾರ್ಚ್‌ಗೇ ಹಾಜರ್, ಆ ಗಾತ್ರದ ಆರ್‌ಪಿಜಿಗೆ, ಅಂದ್ರೆ ಒಂದು ಪಾತ್ರ ಬೆಳೆಸ್ತಾ ಕಥೆ ಆಡೋ ಗೇಮ್‌ಗೆ, ಅದೇನೂ ಸಮಯವೇ ಅಲ್ಲ. ಅವಸರ ಎಲ್ಲಿ ಕಾಣುತ್ತೆ ಅಂದ್ರೆ ಗುಹೆಗಳಲ್ಲಿ. ಒಂದೇ ಗುಹೆ, ಈ ಸಲ ಎಡಗಡೆ ಬಾಗಿಲಿಗೆ ಕಲ್ಲು, ಮುಂದಿನ ಸಲ ಬಲಗಡೆದಕ್ಕೆ, ಮಿನಿಮ್ಯಾಪ್ ನೋಡಿದ್ರೆ ಮುಚ್ಚಿದ ಭಾಗವೂ ಬೆತ್ತಲಾಗಿ ಕಾಣ್ತಿರುತ್ತೆ. ನಾಚಿಕೆ ಆಗ್ಬೇಕಿತ್ತು. ಆದ್ರೆ ಅದೇ ಗೇಮ್ ಜಗತ್ತು ಉಳಿಸೋ ಕಥೆ ಬಿಟ್ಟು ಕರ್ಕ್‌ವಾಲ್ ಅನ್ನೋ ಒಂದೇ ಊರಲ್ಲಿ ವರ್ಷಗಟ್ಟಲೆ ಬದುಕೋ ಒಬ್ಬ ನಿರಾಶ್ರಿತನ ಕಥೆ ಹೇಳುತ್ತೆ, ಅದೇ ಬೀದಿ, ಅದೇ ಹೆಂಡದಂಗಡಿ, ಗೆಳೆಯರು ಕಣ್ಮುಂದೇನೇ ಕೆಟ್ಟು ಹೋಗೋದು. ಸಮಯ ಧಾರಾಳವಾಗಿದ್ದಿದ್ರೆ ಅವರು ಇಷ್ಟು ಚಿಕ್ಕ ಕಥೆಗೆ ಕೈ ಹಾಕ್ತಿದ್ರಾ? ನನಗಂತೂ ಡೌಟು. ಗುಹೆ ತೆಗೆದ್ರೆ ನಷ್ಟ ಇಲ್ಲ ಸರಿ, ಆದ್ರೆ ಆ ಗುಹೆ ಹುಟ್ಟಿದ ಅವಸರದಲ್ಲೇ ಒಳ್ಳೇದೂ ಹುಟ್ಟಿದೆ.

ಆಲ್ಫಾ ಪ್ರೋಟೊಕಾಲ್ ಇನ್ನೂ ಕಗ್ಗಂಟು. ಅಬ್ಸಿಡಿಯನ್, 2010, ಗೂಢಚಾರರ ಆರ್‌ಪಿಜಿ. ಮಾತಿನ ಮಧ್ಯೆ ಟೈಮರ್ ಓಡ್ತಿರುತ್ತೆ, ಎದುರಿನವನು ಮಾತು ಮುಗಿಸೋಷ್ಟರಲ್ಲಿ ನಯವಾಗಿ ಮಾತಾಡ್ಬೇಕಾ, ಕೆಲಸದ ಮಾತಾ, ದಬಾಯಿಸ್ಬೇಕಾ ಅಂತ ಆರಿಸ್ಬೇಕು, ಆರಿಸಿದ್ದು ಆರಿಸಿದ್ದೇ. ರೋಮ್, ಮಾಸ್ಕೋ, ತೈಪೆ ಯಾವುದಕ್ಕೆ ಮೊದಲು ಹೋಗ್ತೀರಿ ಅನ್ನೋದರ ಮೇಲೆ ಯಾರು ನಿಮಗೆ ಮೊದಲೇ ಪರಿಚಯ ಅನ್ನೋದು ಬದಲಾಗುತ್ತೆ. ಒಬ್ಬ ನಿಮ್ಮನ್ನ ದ್ವೇಷ ಮಾಡಿದ್ರೂ ಅದಕ್ಕೊಂದು ಲಾಭ ಇಟ್ಟಿದ್ದಾರೆ, ಸೋ ತಪ್ಪು ಉತ್ತರ ಅಂತ ಇಲ್ಲ, ರೀಲೋಡ್ ಮಾಡೋ ಆಸೇನೇ ಬರಲ್ಲ. ಇಷ್ಟು ಜಾಣತನದ ಗೇಮ್‌ನಲ್ಲಿ ಶತ್ರು ತಲೆಗೆ ನೇರ ಗುರಿ ಇಟ್ಟು ಹೊಡೆದ್ರೆ ಗುಂಡು ಪಕ್ಕಕ್ಕೆ ಹೋಗುತ್ತೆ, ಯಾಕಂದ್ರೆ ನಿಮ್ಮ ಪಿಸ್ತೂಲ್ ಸ್ಕಿಲ್ ಕಮ್ಮಿ. ಮಾಸ್ಕೋದಲ್ಲಿ ಬ್ರೈಕೋ ಅನ್ನೋ ಬಾಸ್, ಎಂಬತ್ತರ ದಶಕದ ಡಿಸ್ಕೋ ಗೀಳಿನ ಗೂಂಡಾ, ಕೊಕೇನ್ ಏರಿಸ್ಕೊಂಡು ಚಾಕು ಹಿಡಿದು ಮೇಲೆ ಬೀಳ್ತಾನೆ, ಅಲ್ಲಿವರೆಗೂ ಯಾರ ಕಣ್ಣಿಗೂ ಬೀಳದೆ ಸ್ಟೆಲ್ತ್‌ನಲ್ಲಿ ಬಂದೋರ ಪಾಡು ದೇವರಿಗೇ ಪ್ರೀತಿ. ಶೂಟಿಂಗ್ ಸರಿ ಮಾಡಿದ್ರೆ ಏನು ಕಳ್ಕೋತೀವಿ ಅಂದ್ರೆ ಏನೂ ಇಲ್ಲ, ಆದ್ರೆ ಆ ಕವಲು ಕವಲು ಸಂಭಾಷಣೆ ಬರೆದು ರೆಕಾರ್ಡ್ ಮಾಡಿದ ದುಡ್ಡು ಸಮಯಾನೇ ಶೂಟಿಂಗ್‌ನಿಂದ ಕಿತ್ಕೊಂಡಿದ್ದು ಅಂತ ನನ್ನ ಗುಮಾನಿ. ಎರಡರಲ್ಲಿ ಒಂದೇ ಸಿಗೋದಾದ್ರೆ ನಾನು ಸಂಭಾಷಣೇನೇ ತಗೋತೀನಿ. 2019ರಲ್ಲಿ ಮ್ಯೂಸಿಕ್ ಲೈಸೆನ್ಸ್ ಮುಗಿದು ಅಂಗಡಿಗಳಿಂದ ಮಾಯವಾಗಿದ್ದ ಗೇಮ್ 2024ರಲ್ಲಿ ಜಿಒಜಿ ಅನ್ನೋ ಆನ್‌ಲೈನ್ ಅಂಗಡಿಗೆ ವಾಪಸ್ ಬಂದಿದೆ, ಆಡಿಲ್ಲ ಅಂದ್ರೆ ಆಡಿ, ಪಿಸ್ತೂಲ್‌ಗೆ ಪಾಯಿಂಟ್ ಹಾಕಿ ಚೈನ್ ಶಾಟ್ ಅನ್ನೋ ಸ್ಕಿಲ್ ಬರೋವರೆಗೆ ಹಲ್ಲು ಕಚ್ಚಿ.

ಹಲ್ಲು ಕಚ್ಚಿ ಅಂದ ಮೇಲೆ ಡೇಸ್ ಗಾನ್ ನೆನಪಾಯ್ತು, 2019, ಬೆಂಡ್ ಸ್ಟುಡಿಯೋ. "ಮೊದಲ ಹತ್ತು ಗಂಟೆ ಸಹಿಸ್ಕೊಳಿ, ಆಮೇಲೆ ಸೂಪರ್" ಅಂತಾರಲ್ಲ, ಈ ಮಾತು ಕೇಳಿದ್ರೆ ನನಗೆ ಮೈ ಉರಿಯುತ್ತೆ, ಆದ್ರೂ ಈ ಒಂದು ಗೇಮ್‌ಗೆ ಅದು ನಿಜ. ಬೈಕ್‌ಗೆ ಪೆಟ್ರೋಲ್ ಹುಡುಕ್ತಾ, ನಿಧಾನವಾಗಿ ಎಳೆಯೋ ಕಟ್‌ಸೀನ್ ನೋಡ್ತಾ ಇದ್ದೋರಿಗೆ ಹಳೇ ಮರದ ಮಿಲ್ ಹತ್ರ ನೂರಾರು ಫ್ರೀಕರ್‌ಗಳ, ಅಂದ್ರೆ ಸೋಂಕು ತಗುಲಿ ಜೊಂಬಿಯಂಗಾದೋರ, ದಂಡು ಪ್ರವಾಹದಂಗೆ ಬೆನ್ನು ಹತ್ತಿದಾಗ ಉಳಿದಿದ್ದೆಲ್ಲ ಮರೆತು ಹೋಗುತ್ತೆ. ಬೈಕ್ ಪೆಟ್ರೋಲ್ ಕುಡಿಯೋದು ಇರ್ಲಿ, ಅದಿಲ್ದಿದ್ರೆ ದಾರಿ ಮಧ್ಯೆ ಇಳಿಯೋ ಭಯಾನೇ ಇಲ್ಲ. ಆದ್ರೆ ಆ ದಂಡನ್ನ ಅಷ್ಟು ತಡವಾಗಿ ಕಥೆಗೆ ತಂದಿದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. ಅಷ್ಟರಲ್ಲಿ ಬಿಟ್ಟು ಹೋದೋರದ್ದು ಏನೂ ತಪ್ಪಿಲ್ಲ.

ಕೊನೆಗೆ ಎಲ್.ಎ. ನ್ವಾರ್, ನನ್ನ ಪ್ರಶ್ನೆ ಕೈ ಕೊಡೋ ಗೇಮ್. ಟೀಮ್ ಬಾಂಡೈ ಅನ್ನೋ ಆಸ್ಟ್ರೇಲಿಯಾದ ಸ್ಟುಡಿಯೋ, 2011, ನಟರ ಮುಖವನ್ನ 32 ಕ್ಯಾಮೆರಾಗಳಿಂದ ಸೆರೆ ಹಿಡಿದು, ತುಟಿ ಅಲುಗೋದು, ಕಣ್ಣು ತಪ್ಪಿಸೋದು ನೋಡಿ ಸುಳ್ಳು ಪತ್ತೆ ಮಾಡೋ ಪೊಲೀಸ್ ಗೇಮ್. ಆ ಮುಖಗಳು ಆ ಕಾಲಕ್ಕೆ ಬೆರಗು. ತೊಂದರೆ ಏನಂದ್ರೆ ಆಟಗಾರನಿಗೆ ಗೊತ್ತಾಗಲಿ ಅಂತ ನಟರು ಸುಳ್ಳು ಹೇಳುವಾಗ ಕಣ್ಣು ಹೊರಳಿಸಿ ಉಗುಳು ನುಂಗಿ ಊರಿಗೆಲ್ಲ ಸಾರ್ತಾರೆ. ಜೊತೆಗೆ ನೀವು ಸಣ್ಣ ಅನುಮಾನ ಇದೆ ಅಂತ ಡೌಟ್ ಒತ್ತಿದ್ರೆ ನಾಯಕ ಫೆಲ್ಪ್ಸ್ ಗಂಡ ಸತ್ತು ಅಳ್ತಿರೋ ಹೆಂಗಸಿನ ಮೇಲೆ ಕೂಗಾಡೋಕೆ ಶುರು ಮಾಡ್ತಾನೆ. 2017ರ ಮರುಬಿಡುಗಡೆಯಲ್ಲಿ ಆ ಆಯ್ಕೆಗಳನ್ನ ಗುಡ್ ಕಾಪ್, ಬ್ಯಾಡ್ ಕಾಪ್, ಅಕ್ಯೂಸ್ ಅಂತ ಬದಲಾಯಿಸಿದ್ರು, ಕೂಗಾಟಕ್ಕೆ ಈಗ ಸೂಚನೆ ಇದೆ, ಕೂಗಾಟ ಹಂಗೇ ಇದೆ.

ಅದನ್ನೂ ತಡ್ಕೋಬಹುದು. ತಡ್ಕೊಳ್ಳೋಕಾಗದೇ ಇರೋದು ಹೋಮಿಸೈಡ್ ಡೆಸ್ಕ್. ಒಂದರ ಮೇಲೊಂದು ಕೊಲೆ ಕೇಸ್, ಪ್ರತಿ ಸಲ ಸಾಕ್ಷಿ ಹೆಕ್ಕಿ, ಮುಖ ಓದಿ, ಒಬ್ಬನನ್ನ ಒಳಗೆ ಹಾಕ್ತೀರಿ, ಕ್ಯಾಪ್ಟನ್ ಶಭಾಷ್ ಅಂತಾನೆ, ನಿಮಗೆ ಮಾತ್ರ ಏನೋ ಸರಿ ಇಲ್ಲ ಅಂತ ಅನ್ಸ್ತಾನೇ ಇರುತ್ತೆ. ಕೊನೆಗೆ ಗೇಮ್ ತಾನೇ ಹೇಳುತ್ತೆ, ನೀವು ಒಳಗೆ ಹಾಕಿದೋರು ಯಾರೂ ಕೊಲೆಗಾರರಲ್ಲ, ಅಸಲಿ ಕೊಲೆಗಾರ ಬೇರೆ. ಕಥೆ ಬರೆದೋರಿಗೆ ಇದು ಒಳ್ಳೇ ತಿರುವು, ಪೊಲೀಸ್ ವ್ಯವಸ್ಥೆ ಹೆಂಗೆ ಯಾರನ್ನೋ ಹಿಡಿದು ಕೇಸ್ ಮುಚ್ಚುತ್ತೆ ಅನ್ನೋದನ್ನ ಚೆನ್ನಾಗಿ ತೋರಿಸುತ್ತೆ. ಆದ್ರೆ ಆಟಗಾರ ಅಷ್ಟು ಹೊತ್ತು ಕಲ್ತಿದ್ದು ಸರಿಯಾಗಿ ನೋಡಿದ್ರೆ ಸತ್ಯ ಸಿಗುತ್ತೆ ಅಂತ. ಸರಿಯಾಗಿ ನೋಡಿದೋನಿಗೆ ಇವನಲ್ಲ ಅಂತ ಗೊತ್ತಾಗಿದೆ, ಹೇಳೋಕೆ ಬಟನ್ ಇಲ್ಲ. ಈ ತಿರುವನ್ನ ಕಿತ್ತಾಕಿದ್ರೆ ಗೇಮಿನ ಅತಿ ಜಾಣ ಐಡಿಯಾ ಹೋಗುತ್ತೆ, ಇಟ್ಕೊಂಡ್ರೆ ಆ 32 ಕ್ಯಾಮೆರಾಗಳ ಶ್ರಮಕ್ಕೇ ಅರ್ಥ ಇಲ್ಲ. ಯಾರನ್ನೂ ಅರೆಸ್ಟ್ ಮಾಡದೆ ಕೇಸ್ ತೆರೆದಿಟ್ಟು, ಕ್ಯಾಪ್ಟನ್ ಕೈಯಲ್ಲಿ ಬೈಸ್ಕೊಂಡು ಹೊರಗೆ ಬರೋ ಒಂದು ದಾರಿ ಕೊಟ್ಟಿದ್ರೆ ಸಾಕಿತ್ತು, ಕಥೆ ಹಂಗೇ ನಡೀತಿತ್ತು, ಮರುಬಿಡುಗಡೆಯಲ್ಲಿ ಬಟನ್ ಹೆಸರು ಬದಲಾಯಿಸೋ ಬದಲು ಇದನ್ನ ಮಾಡ್ಬಹುದಿತ್ತು.